ನೋಡೋಕೆ ಆರಾಮಿದ್ದಾರೆ, ಆದ್ರೆ ಮೊದಲಿನ ಮನುಷ್ಯ ಅಲ್ಲ: ತಲೆಪೆಟ್ಟಿನ ಪರಿಹಾರದ ಕೇಸು

ಪ್ರಶ್ನೆ: ನಾವು ಗಂಗಾವತಿ ಹತ್ತಿರದ ಹಳ್ಳಿಯವರು. ನಮ್ಮ ಮನೆಯವರಿಗೆ 34 ವರ್ಷ, ರೈಸ್ ಮಿಲ್‌ನಲ್ಲಿ ತೂಕ ಬರೆಯುವ ಗುಮಾಸ್ತ, ತಿಂಗಳಿಗೆ 15,000 ಸಂಬಳ. ನಾಲ್ಕು ತಿಂಗಳ ಹಿಂದೆ ಕಾರಟಗಿ ರಸ್ತೆಯಲ್ಲಿ ಅವರ ಬೈಕಿಗೆ ಟಿಪ್ಪರ್ ಗುದ್ದಿತು. ಹೆಲ್ಮೆಟ್ ಹಾಕಿರಲಿಲ್ಲ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಈಗ ನಡೀತಾರೆ, ಮಾತಾಡ್ತಾರೆ, ಎಲ್ಲರೂ ‘ಆರಾಮಾದ್ರಲ್ಲ’ ಅಂತಾರೆ. ಆದರೆ ಹೇಳಿದ್ದು ನೆನಪಿರಲ್ಲ, ಸಣ್ಣದಕ್ಕೂ ಸಿಟ್ಟು, ವಾಸನೆ ಗೊತ್ತಾಗಲ್ಲ, ಮಿಲ್‌ನಲ್ಲಿ ಲೆಕ್ಕ ತಪ್ಪಿ ವಾಪಸ್ ಕಳಿಸಿದರು. ಇನ್ಶೂರೆನ್ಸ್ ಕಡೆಯವರು ಅಂತ ಹೇಳಿಕೊಂಡು ಒಬ್ಬರು ಬಂದಿದ್ದರು. ‘ಕಾನೂನಲ್ಲಿ ಇರೋದೇ ಎರಡೂವರೆ ಲಕ್ಷ, ಸಹಿ ಹಾಕಿ’ ಅಂತಾರೆ. ಮೊದಲು ತೋರಿಸಿದ ಆಸ್ಪತ್ರೆಯ ಚೀಟಿಯಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಅಂತ ಬರೆದಿದ್ದಾರೆ. ನಮಗೆ ಏನು ಸಿಗುತ್ತೆ, ಏನು ಮಾಡಬೇಕು? ಅವರು ಬೈಕಿನ ಕೀಲಿ ಕೊಡು ಅಂತ ದಿನಾ ಜಗಳ ಮಾಡ್ತಾರೆ, ಕೊಡಬಹುದಾ?

ಉತ್ತರ:

ಅಮ್ಮ, ಮೊದಲು ಆ ಎರಡೂವರೆ ಲಕ್ಷದ ವಿಷಯ ಮುಗಿಸೋಣ. ಯಾಕಂದ್ರೆ ಅದಕ್ಕೆ ನೀವು ಸಹಿ ಹಾಕಿಬಿಟ್ಟರೆ ನಾನು ಮುಂದೆ ಬರೆಯೋದೆಲ್ಲ ದಂಡ.

ಬಂದವರು ಪೂರ್ತಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಮೋಟಾರು ವಾಹನ ಕಾಯ್ದೆಯಲ್ಲಿ 164ನೇ ಕಲಂ ಅಂತ ಇದೆ. ತಪ್ಪು ಯಾರದು ಅಂತ ಸಾಬೀತು ಮಾಡೋ ತಲೆನೋವೇ ಇಲ್ಲದೆ, ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ ಕೊಡಬೇಕು ಅನ್ನುತ್ತೆ ಅದು. ಸಾಕ್ಷಿಯೇ ಇಲ್ಲದವರಿಗೆ, ತಪ್ಪು ತಮ್ಮದೇ ಇರಬಹುದು ಅಂತ ಅಳುಕು ಇರೋರಿಗೆ ಒಳ್ಳೆ ದಾರಿ. ಆದರೆ ಅದರ ಪಕ್ಕದಲ್ಲೇ 166ನೇ ಕಲಂ ಇದೆ. ಎದುರಿನ ಡ್ರೈವರ್ ಅಜಾಗರೂಕತೆಯಿಂದ ಓಡಿಸಿದ ಅಂತ ತೋರಿಸಿ, ಆದ ನಷ್ಟವನ್ನೆಲ್ಲ ಕೇಳೋದು ಅಲ್ಲಿ, ಅದಕ್ಕೆ ಮೇಲಿನ ಮಿತಿ ಇಲ್ಲ. ಮತ್ತೆ ಅದೇ 166ರಲ್ಲಿ ಒಂದು ಸಾಲು ಇದೆ: ಇನ್ಶೂರೆನ್ಸ್ ಕಂಪನಿ ಮುಂದಿಟ್ಟ 164ರ ದುಡ್ಡನ್ನು ಒಪ್ಪಿಕೊಂಡರೆ ನಿಮ್ಮ ಕ್ಲೇಮ್ ಅರ್ಜಿ ಅಲ್ಲಿಗೇ ಸತ್ತುಹೋಗುತ್ತೆ. ಬಂದವರು ಈ ಸಾಲು ಮಾತ್ರ ಹೇಳೋದಿಲ್ಲ, ಅಲ್ವಾ?

ನಿಮ್ಮ ಕೇಸಿನ ಅಂದಾಜು ಲೆಕ್ಕ ಇಲ್ಲೇ ಹಾಕಿ ತೋರಿಸ್ತೀನಿ, ನೀವೇ ಪೆನ್ನು ಹಿಡಿದು ನೋಡಿ. ಸಂಬಳ 15,000. ನಲವತ್ತರ ಒಳಗಿನ, ಕಾಯಂ ನೌಕರಿ ಅಲ್ಲದವರಿಗೆ ಮುಂದೆ ಆದಾಯ ಹೆಚ್ಚಾಗುತ್ತಿತ್ತು ಅಂತ ಶೇ. 40 ಸೇರಿಸಬೇಕು, ಇದು ಸುಪ್ರೀಂ ಕೋರ್ಟ್‌ನ 2017ರ ಪ್ರಣಯ್ ಸೇಥಿ ತೀರ್ಪು. ಗಾಯಾಳುಗಳಿಗೂ ಇದು ಸಲ್ಲುತ್ತೆ ಅಂತ 2020ರಲ್ಲಿ ಅದೇ ಕೋರ್ಟ್ ಹೇಳಿದೆ. ಅಲ್ಲಿಗೆ 21,000 ಆಯಿತು. ಹನ್ನೆರಡು ತಿಂಗಳಿಗೆ 2,52,000. ಇದನ್ನ ವಯಸ್ಸಿನ ಗುಣಕದಿಂದ, ಅಂದರೆ ವಯಸ್ಸಿಗೆ ತಕ್ಕ ಹಾಗೆ ಕೋರ್ಟ್ ಹಿಡಿಯೋ ಅಂಕಿಯಿಂದ, ಗುಣಿಸಬೇಕು. 2009ರ ಸರಳಾ ವರ್ಮ ತೀರ್ಪಿನ ಟೇಬಲ್‌ನಲ್ಲಿ 31ರಿಂದ 35 ವರ್ಷದವರಿಗೆ 16. ಗುಣಿಸಿದರೆ 40,32,000. ಇದು ದುಡಿಮೆ ಪೂರ್ತಿ ಹೋದರೆ. ಕೋರ್ಟ್ ಅವರ ದುಡಿಯುವ ಶಕ್ತಿ ಶೇ. 20 ಹೋಗಿದೆ ಅಂದರೆ 8,06,400, ಶೇ. 50 ಹೋಗಿದೆ ಅಂದರೆ 20,16,000. ಆಸ್ಪತ್ರೆ ಖರ್ಚು, ನೋವಿಗೆ, ಮುಂದಿನ ಔಷಧಿಗೆ, ನೋಡಿಕೊಳ್ಳೋರಿಗೆ, ಮಲಗಿದ್ದ ತಿಂಗಳುಗಳ ಸಂಬಳಕ್ಕೆ, ಇವೆಲ್ಲ ಬೇರೆ. ಬಡ್ಡಿ ಬೇರೆ. ಈಗ ಎರಡೂವರೆ ಲಕ್ಷದ ಕಾಗದವನ್ನ ಮತ್ತೊಮ್ಮೆ ನೋಡಿ.

ಇಷ್ಟೇ ಬರುತ್ತೆ ಅಂತ ನಾನು ಮಾತು ಕೊಡ್ತಿಲ್ಲ. ಆ ಶೇಕಡಾವಾರು ಎಷ್ಟು ಅನ್ನೋದರ ಮೇಲೆ ಕೇಸು ನಿಂತಿದೆ. ನಿಮ್ಮಂಥ ಕೇಸಿನಲ್ಲಿ ಅದೇ ಕಷ್ಟ.

ಕೈ ಹೋಗಿದ್ದರೆ ಜಡ್ಜ್‌ಗೆ ಕಣ್ಣಿಗೆ ಕಾಣುತ್ತೆ. ಹಾಸಿಗೆ ಹಿಡಿದಿದ್ದರೂ ಕಾಣುತ್ತೆ. 2020ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸು ಬಂದಿತ್ತು. ಅಪಘಾತದಲ್ಲಿ ಹನ್ನೆರಡು ವರ್ಷದ ಹುಡುಗಿಯ ಮಿದುಳಿಗೆ ಪೆಟ್ಟು ಬಿದ್ದು, ಬುದ್ಧಿ ಒಂಬತ್ತು ತಿಂಗಳ ಕೂಸಿನ ಹಾಗಾಗಿತ್ತು. ಕೋರ್ಟ್ ಅವಳನ್ನು ನೋಡಿಕೊಳ್ಳೋರಿಗೇ ತಿಂಗಳಿಗೆ 10,000ದಂತೆ, ಗುಣಕ 18 ಹಾಕಿ 21,60,000 ಕೊಟ್ಟಿತು. ಒಟ್ಟು ಮೊತ್ತ 62 ಲಕ್ಷ ದಾಟಿತು. ಅಲ್ಲಿ ಯಾರೂ ‘ಆರಾಮಿದ್ದಾಳೆ’ ಅನ್ನೋ ಹಾಗಿರಲಿಲ್ಲ. ನಿಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು ಕೋರ್ಟಿಗೆ ನಡೆದು ಬರ್ತಾರೆ, ಹೆಸರು ಕೇಳಿದರೆ ಹೇಳ್ತಾರೆ, ಊರು ಕೇಳಿದರೆ ಹೇಳ್ತಾರೆ. ಎದುರಿನ ವಕೀಲರಿಗೆ ಅಷ್ಟು ಸಾಕು.

ಇಲ್ಲಿ ನನ್ನದೇ ಒಂದು ತಪ್ಪು ಹೇಳ್ತೀನಿ. ವಕೀಲಿಗೆ ಬಂದ ಹೊಸದರಲ್ಲಿ ಕುಷ್ಟಗಿ ಕಡೆಯ ಒಬ್ಬ ಟೇಲರ್‌ನ ಕೇಸು ಹಿಡಿದಿದ್ದೆ. ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದಿತ್ತು. ಅವರನ್ನೇ ಸಾಕ್ಷಿ ಕಟ್ಟೆ ಹತ್ತಿಸಿದೆ, ಡಾಕ್ಟರನ್ನ ಕರೆಸಿದೆ, ಆಯಿತು ಅಂದುಕೊಂಡೆ. ಪಾಟಿ ಸವಾಲಿನಲ್ಲಿ ಅವರು ಕೇಳಿದ್ದಕ್ಕೆಲ್ಲ ಹೌದು ಅಂದರು. ಈಗ ಹುಷಾರಿದ್ದೀರಿ? ಹೌದು. ಮಷೀನ್ ಮೇಲೆ ಕೂರ್ತೀರಿ? ಹೌದು. ಮೊದಲಿನ ಹಾಗೇ ಹೊಲಿತೀರಿ? ಹೌದು. ಹೊರಗೆ ಬಂದ ಮೇಲೆ ಅವರ ಹೆಂಡತಿ ಅತ್ತರು. ಒಂದೇ ಜಂಪರ್ ಪೀಸನ್ನ ಎರಡು ಸಲ ಕತ್ತರಿಸಿ ಹಾಳುಮಾಡಿ, ಗಿರಾಕಿಗಳೆಲ್ಲ ಬೇರೆ ಕಡೆ ಹೋಗಿದ್ದರು. ಆಯಪ್ಪ ಸುಳ್ಳು ಹೇಳಿರಲಿಲ್ಲ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ತಮಗೇನು ಕಮ್ಮಿಯಾಗಿದೆ ಅನ್ನೋದೇ ತಿಳಿಯಲ್ಲ, ಅದೂ ಗಾಯದ ಒಂದು ಭಾಗ. ಹೆಂಡತಿಯನ್ನ ನಾನು ಸಾಕ್ಷಿ ಮಾಡಿರಲೇ ಇಲ್ಲ. ಅಂಗಡಿಯ ಲೆಕ್ಕದ ಪುಸ್ತಕ ಹಾಜರು ಮಾಡಿರಲಿಲ್ಲ. ಸಿಕ್ಕಿದ್ದು ತೀರಾ ಕಮ್ಮಿ.

ಹಾಗಾಗಿ ನಿಮ್ಮ ಕೇಸಿನಲ್ಲಿ ಮುಖ್ಯ ಸಾಕ್ಷಿ ನೀವು. ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ. ತಾರೀಖು ಹಾಕಿ, ಆ ದಿನ ಆಗಿದ್ದನ್ನ ನಿಮ್ಮ ಮಾತಲ್ಲೇ ಬರೆಯಿರಿ. ‘ಜ್ಞಾಪಕ ಶಕ್ತಿ ಕುಂದಿದೆ’ ಅಂತೆಲ್ಲ ಬೇಡ, ಅದು ಡಾಕ್ಟರ ಕೆಲಸ. ‘ಸಂತೆಗೆ ಉಳ್ಳಾಗಡ್ಡಿ ತರೋಕೆ ಕಳಿಸಿದೆ, ಬರೀ ಚೀಲ ಹಿಡ್ಕೊಂಡು ಬಂದ್ರು, ಕೇಳಿದ್ದಕ್ಕೆ ನೀನು ಹೇಳೇ ಇಲ್ಲ ಅಂತ ತಟ್ಟೆ ಎಸೆದ್ರು’ ಅಂತ ಬರೀರಿ. ಹಾಲು ಉಕ್ಕಿ ಸೀದು ಮನೆಯೆಲ್ಲ ಹೊಗೆ, ಪಕ್ಕದಲ್ಲೇ ಕೂತವರಿಗೆ ಗೊತ್ತಾಗಲಿಲ್ಲ ಅಂದರೆ ಅದನ್ನೂ ಬರೀರಿ. ಒಳ್ಳೆ ದಿನಗಳನ್ನೂ ಬರೀಬೇಕು. ಬರೀ ಕೆಟ್ಟದ್ದೇ ಇರೋ ಡೈರಿಯನ್ನ ಜಡ್ಜ್ ನಂಬಲ್ಲ, ನಾನಾದರೂ ನಂಬಲ್ಲ.

ಎರಡನೇದು ಮಿಲ್‌ನ ತೂಕದ ಪುಸ್ತಕ. ಇದು ನಿಮ್ಮ ಕೈಲಿರೋ ಚಿನ್ನ. ಅಪಘಾತಕ್ಕೆ ಮೊದಲಿನ ಒಂದು ಹಾಳೆ: ಲಾರಿ ನಂಬರ್, ಚೀಲ, ಕ್ವಿಂಟಾಲ್, ಕೆಳಗೆ ಒಟ್ಟು, ಒಂದು ಕಾಟೂ ಇಲ್ಲದ ಅಕ್ಷರ. ವಾಪಸ್ ಕೆಲಸಕ್ಕೆ ಹೋದ ಆ ಕೆಲವು ದಿನಗಳ ಹಾಳೆ: ಒಂದೇ ಲಾರಿ ಎರಡು ಸಲ, ಮೊತ್ತ ತಪ್ಪು, ಮೇಲೆ ಬೇರೆಯವರು ಕೆಂಪು ಪೆನ್ನಿನಲ್ಲಿ ತಿದ್ದಿದ್ದು. ಈ ಎರಡು ಹಾಳೆ ಅಕ್ಕಪಕ್ಕ ಇಟ್ಟರೆ ನಾನು ಅರ್ಧ ಗಂಟೆ ವಾದ ಮಾಡೋದು ಉಳಿಯುತ್ತೆ. ಮಾಲೀಕರನ್ನ ಕೇಳಿ ಜೆರಾಕ್ಸ್ ತಗೊಳ್ಳಿ, ಮುಂದೆ ಕೋರ್ಟಿನಿಂದ ಸಮನ್ಸ್ ಕಳಿಸಿ ಅಸಲು ತರಿಸಬಹುದು. ಸಂಬಳದ ಪತ್ರ ಕೊಡೋಕೆ ಕೆಲವು ಮಾಲೀಕರು ಹಿಂದೇಟು ಹಾಕ್ತಾರೆ, ಪಿಎಫ್, ಇಎಸ್‌ಐ ತೊಡಕು ಬರುತ್ತೆ ಅಂತ ಭಯ. ಬ್ಯಾಂಕಿಗೆ ಸಂಬಳ ಬಿದ್ದಿದ್ದರೆ ಪಾಸ್‌ಬುಕ್ ಸಾಕು. ಯಾವ ದಾಖಲೆಯೂ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಚಾರ್ಟ್ ಇದೆ, ಅಪಘಾತವಾದ ವರ್ಷಕ್ಕೆ ತಕ್ಕ ಅಂದಾಜು ಆದಾಯ ಅದರಲ್ಲಿರುತ್ತೆ, ನಮ್ಮ ಕೋರ್ಟ್‌ಗಳು ಅದನ್ನೇ ಹಿಡೀತಾವೆ.

ಈಗ ಡಾಕ್ಟರ ವಿಷಯ. ಡಿಸ್ಚಾರ್ಜ್ ಸಮರಿ ತೆಗೆದು ಜಿಸಿಎಸ್ ಅಂತ ಎಲ್ಲಿ ಬರೆದಿದೆ ನೋಡಿ. ಆಸ್ಪತ್ರೆಗೆ ತಂದಾಗ ಎಷ್ಟು ಎಚ್ಚರ ಇತ್ತು ಅನ್ನೋ ಅಳತೆ ಅದು, 15ಕ್ಕೆ ಲೆಕ್ಕ. 8 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ತೀವ್ರ, 9ರಿಂದ 12 ಮಧ್ಯಮ, 13ರಿಂದ 15 ಸೌಮ್ಯ ಅಂತಾರೆ. ‘ಸೌಮ್ಯ’ ಅನ್ನೋ ಪದ ನೋಡಿ ಹೆದರಬೇಡಿ, ಈಗ ಸ್ಕ್ಯಾನ್ ನಾರ್ಮಲ್ ಬಂದಿದ್ದರೂ ಅಷ್ಟೆ. ಹೆಪ್ಪುಗಟ್ಟಿದ ರಕ್ತ ತೆಗೆದ ಮೇಲೆ ಸಿಟಿ ಸ್ಕ್ಯಾನ್ ಚೆನ್ನಾಗೇ ಕಾಣಬಹುದು, ಒಳಗಿನ ನರದ ಎಳೆಗಳಿಗೆ ಆದ ಹಾನಿ ಅದರಲ್ಲಿ ಕಾಣದೇ ಇರಬಹುದು.

ಅದಕ್ಕೇ ಬೇರೆ ಪರೀಕ್ಷೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋ ಸೈಕಾಲಜಿ ಪರೀಕ್ಷೆ ಮಾಡ್ತಾರೆ. ಯಂತ್ರದ ಒಳಗೆ ಮಲಗಿಸೋದಲ್ಲ. ಎದುರು ಕೂರಿಸಿಕೊಂಡು, ಒಂದಿಷ್ಟು ಪದ ಓದಿ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳೋದು, ಅಂಕಿ ಹಿಂದುಮುಂದು ಹೇಳಿಸೋದು, ಗಮನ ಎಷ್ಟು ಹೊತ್ತು ನಿಲ್ಲುತ್ತೆ ನೋಡೋದು, ಹೀಗೆ ಗಂಟೆಗಟ್ಟಲೆ. ಅವರು ಕೊಡೋ ವರದಿಯಲ್ಲಿ ನೆನಪು, ಗಮನ, ಯೋಚನೆ ಬೇರೆಬೇರೆಯಾಗಿ ಅಳೆದಿರುತ್ತೆ. ‘ಮರೆವು ಇದೆ’ ಅನ್ನೋ ಒಂದು ಸಾಲಿನ ಸರ್ಟಿಫಿಕೇಟಿಗೂ ಇದಕ್ಕೂ ಅಜಗಜಾಂತರ. ಹೋಗಿಬರೋ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್, ಆಟೋ ಚೀಟಿ, ಉಳಿದುಕೊಂಡ ರೂಮಿನ ರಸೀದಿ, ಎಲ್ಲ ಒಂದು ಕವರಿಗೆ ಹಾಕಿ, ಅದನ್ನೂ ಕೇಳಬಹುದು. ಔಷಧಿ ಬಿಲ್‌ಗಳು ಅಸಲೇ ಬೇಕು, ರೋಗಿಯ ಹೆಸರು ತಾರೀಖು ಇರಲಿ.

ಅಂಗವೈಕಲ್ಯದ ಪ್ರಮಾಣಪತ್ರವನ್ನ ಈಗಲೇ ಅವಸರಕ್ಕೆ ಮಾಡಿಸಬೇಡಿ. ಮಿದುಳು ಮೊದಲ ಆರು ತಿಂಗಳಲ್ಲಿ ಜಾಸ್ತಿ ಸುಧಾರಿಸುತ್ತೆ, ಆಮೇಲೂ ಒಂದೆರಡು ವರ್ಷ ನಿಧಾನವಾಗಿ ಸುಧಾರಿಸ್ತಾ ಇರುತ್ತೆ. ಕಮ್ಮಿ ಅಂದರೂ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಳೆದು, ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಅಥವಾ ಸರ್ಕಾರಿ ಮೆಡಿಕಲ್ ಬೋರ್ಡ್‌ನಲ್ಲಿ ಮಾಡಿಸಿ. ಕೋರ್ಟ್ ಆವರಣದ ಸುತ್ತಮುತ್ತ ‘ಶೇ. 60 ಬರೆಸಿಕೊಡ್ತೀನಿ’ ಅನ್ನೋರು ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಚಿಕಿತ್ಸೆ ಕೊಡದ ಡಾಕ್ಟರು ಬರೆದ ಇಂಥ ರೆಡಿಮೇಡ್ ಪತ್ರಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಎಚ್ಚರಿಸಿದೆ. ಅದೇ ತೀರ್ಪು ಇನ್ನೊಂದು ಮಾತು ಹೇಳಿದೆ, ಅದು ನಿಮಗೆ ಅನುಕೂಲ: ಡಾಕ್ಟರು ಬರೆಯೋ ಶೇಕಡಾ ಒಂದು, ದುಡಿಮೆಯಲ್ಲಿ ಆದ ನಷ್ಟದ ಶೇಕಡಾ ಇನ್ನೊಂದು. ಕೈಯಲ್ಲಿ ಎರಡು ಬೆರಳು ಹೋದರೂ ಪಾಠ ಮಾಡೋ ಮೇಷ್ಟ್ರಿಗೆ ಅಂಥ ನಷ್ಟ ಆಗಲ್ಲ, ಲೆಕ್ಕ ಬರೆಯೋ ಗುಮಾಸ್ತನಿಗೆ ಗಮನ ಹೋದರೆ ಕೆಲಸವೇ ಹೋಯಿತು. ಡಾಕ್ಟರು ಶೇ. 30 ಅಂದರೂ ಕೋರ್ಟ್ ಅದಕ್ಕಿಂತ ಹೆಚ್ಚು ಹಿಡಿಯಬಹುದು, ಆದರೆ ಕೆಲಸ ಏನಿತ್ತು ಅನ್ನೋದನ್ನ ನಾವು ತೋರಿಸಬೇಕು. ಮತ್ತೆ ತೂಕದ ಪುಸ್ತಕಕ್ಕೇ ಬಂದೆ ನೋಡಿ.

ಇಷ್ಟೆಲ್ಲ ಆಗೋವರೆಗೆ ಕೇಸು ಹಾಕದೆ ಕಾಯಬೇಕಾ? ಬೇಡ, ಬೇಡವೇ ಬೇಡ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮಗೆ ಉಳಿದಿರೋದು ಎರಡೇ ತಿಂಗಳು. ಈ ಮಿತಿ ಸರಿಯೇ ಅಂತ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆ ಎದ್ದಿದೆ, ತಡವಾಯಿತು ಅಂತ ಅರ್ಜಿಗಳನ್ನ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಮಧ್ಯಂತರ ಅಂದರೆ ಮಧ್ಯಂತರ, ಅದನ್ನ ನೆಚ್ಚಿಕೊಂಡು ಕೂರಬೇಡಿ. ಅರ್ಜಿಯನ್ನ ಈಗ ಹಾಕಿ, ವೈಕಲ್ಯದ ದಾಖಲೆಗಳನ್ನ ಸಾಕ್ಷ್ಯದ ಹಂತದಲ್ಲಿ ಕೊಡಿ. ಹಾಕೋದು ಬೇಗ, ಮುಗಿಸೋದು ನಿಧಾನ. ನೀವಿರೋ ಜಾಗದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು, ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ಅಡ್ಡಿ ಇಲ್ಲ. ಬೆಂಗಳೂರಿನ ಡಾಕ್ಟರು ಇಲ್ಲಿಗೆ ಬರೋಕಾಗಲ್ಲ ಅಂದರೆ ಕೋರ್ಟ್ ನೇಮಿಸೋ ಕಮಿಷನರ್ ಮೂಲಕ ಅಲ್ಲೇ ಅವರ ಹೇಳಿಕೆ ಪಡೆಯೋಕೆ ಕೇಳಿಕೊಳ್ಳಬಹುದು.

‘ಬೈಕಿನಿಂದ ಬಿದ್ದು’ ಅನ್ನೋ ಚೀಟಿ ಸ್ವಲ್ಪ ಕಿರಿಕಿರಿ ಕೊಡುತ್ತೆ, ಸುಳ್ಳು ಹೇಳಲ್ಲ. ಇನ್ಶೂರೆನ್ಸ್ ವಕೀಲರು ಮೊದಲು ಎತ್ತಿ ತೋರಿಸೋದೇ ಅದನ್ನ: ಟಿಪ್ಪರ್ ಗುದ್ದೇ ಇಲ್ಲ, ತಾನೇ ಬಿದ್ದ, ಆಮೇಲೆ ಗಾಡಿ ಸೇರಿಸಿದ್ದಾರೆ ಅಂತ. ಅಂಥ ಸುಳ್ಳು ಕೇಸುಗಳು ನಡೆದೂ ಇವೆ, ಅದಕ್ಕೇ ಕೋರ್ಟಿಗೂ ಅನುಮಾನ. ಅವತ್ತು ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು? ದಾರಿಹೋಕರಾದರೆ ಅವರು ನೋಡಿದ್ದೇ ಬಿದ್ದಿದ್ದನ್ನ, ಗುದ್ದಿದ್ದನ್ನ ಅಲ್ಲ, ಅವರು ಹೇಳಿದ್ದನ್ನೇ ಡ್ಯೂಟಿ ಡಾಕ್ಟರು ಬರೆದುಕೊಂಡಿರ್ತಾರೆ. ಆ ಮನುಷ್ಯನನ್ನ ಹುಡುಕಿ ಸಾಕ್ಷಿ ಮಾಡಿ. ಆಸ್ಪತ್ರೆಗೆ ಹೋಗಿ ಚೀಟಿ ತಿದ್ದಿಸೋಕೆ ಮಾತ್ರ ಹೋಗಬೇಡಿ, ಸಿಕ್ಕಿಬಿದ್ದರೆ ಇಡೀ ಕೇಸು ಮುಳುಗುತ್ತೆ. ನಮಗೆ ಬಲ ಕೊಡೋದು ಪೊಲೀಸ್ ಕಾಗದಗಳು: ಎಫ್‌ಐಆರ್, ಸ್ಥಳದ ಪಂಚನಾಮೆ, ನಕ್ಷೆ, ಮೋಟಾರು ವಾಹನ ಇನ್‌ಸ್ಪೆಕ್ಟರ್ ವರದಿ, ಚಾರ್ಜ್‌ಶೀಟ್. ಟಿಪ್ಪರ್‌ನ ಎಡ ಬಂಪರ್ ಮೇಲೆ ನಿಮ್ಮ ಬೈಕಿನ ಬಣ್ಣ ಹತ್ತಿದೆ ಅಂತ ಇನ್‌ಸ್ಪೆಕ್ಟರ್ ಬರೆದಿದ್ದರೆ ಆ ಒಂದು ಸಾಲು ಆಸ್ಪತ್ರೆ ಚೀಟಿಗಿಂತ ಭಾರ. ಎಫ್‌ಐಆರ್ ಒಂದೆರಡು ದಿನ ತಡವಾಗಿದ್ದರೆ ಚಿಂತೆ ಬೇಡ. ಜನ ಮೊದಲು ಜೀವ ಉಳಿಸೋಕೆ ಓಡ್ತಾರೆ, ಕೋರ್ಟಿಗೂ ಅದು ಗೊತ್ತು.

ಹೆಲ್ಮೆಟ್ ಇರಲಿಲ್ಲ ಅನ್ನೋದನ್ನ ಮುಚ್ಚಿಡಬೇಡಿ. ಕೇಸು ಬಿದ್ದುಹೋಗಲ್ಲ, ಗುದ್ದಿದ್ದು ಟಿಪ್ಪರ್ ತಾನೇ. ಆದರೆ ಪೆಟ್ಟು ಬಿದ್ದಿರೋದು ತಲೆಗೇ ಆದ್ದರಿಂದ ಒಂದಿಷ್ಟು ಪಾಲು ನಿಮ್ಮದೇ ತಪ್ಪು ಅಂತ ಕಡಿತ ಕೇಳ್ತಾರೆ, ಸ್ವಲ್ಪ ಕಡಿತ ಆದರೂ ಆಗಬಹುದು. ಟಿಪ್ಪರ್ ಡ್ರೈವರ್ ಮೇಲಿನ ಕ್ರಿಮಿನಲ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಅಲ್ಲಿ ಅವನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋದರೆ ನಿಮ್ಮದು ಮುಗಿದ ಹಾಗಲ್ಲ, ಉಲ್ಟಾ ನಿಮಗೇ ಅನುಕೂಲ. ಹಿರಿಯರು ಕೂತು ‘ಬಡ ಡ್ರೈವರ್, ಬಿಟ್ಟುಬಿಡಿ’ ಅಂದರೆ ಹೇಳಿ, ದುಡ್ಡು ಕೊಡೋದು ಟಿಪ್ಪರ್‌ನ ಇನ್ಶೂರೆನ್ಸ್ ಕಂಪನಿ ಅಂತ.

ಅರ್ಜಿಗೆ ಸಹಿ ಯಾರದು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ವ್ಯವಹಾರ ತಿಳಿಯೋ ಸ್ಥಿತಿ ಇದ್ದರೆ ಅವರೇ ಸಹಿ ಹಾಕಲಿ. ಏನೂ ತಿಳಿಯದವರಾದರೆ ಅವರ ಪರವಾಗಿ ಹೆಂಡತಿ ಅರ್ಜಿದಾರರಾಗಬಹುದು, ಕೋರ್ಟಿನಲ್ಲಿ ಅದಕ್ಕೆ ನೆಕ್ಸ್ಟ್ ಫ್ರೆಂಡ್ ಅಂತೀವಿ. ಕೇಸಿಗೆ ಬಲ ಬರುತ್ತೆ ಅಂತ ಸುಮ್ನೆ ‘ಬುದ್ಧಿ ಸ್ಥಿಮಿತ ಇಲ್ಲ’ ಅಂತ ಬರೆಸಬೇಡಿ, ನಾಳೆ ಬ್ಯಾಂಕ್ ಖಾತೆ, ಹೊಲದ ಪತ್ರ, ಎಲ್ಲದಕ್ಕೂ ಅದು ಅಡ್ಡ ಬರುತ್ತೆ. ನೀವು ಬರೆದಿದ್ದನ್ನ ನೋಡಿದರೆ ಅವರೇ ಸಹಿ ಹಾಕಬಹುದು ಅನ್ನಿಸುತ್ತೆ, ಡಾಕ್ಟರನ್ನ ಒಂದು ಮಾತು ಕೇಳಿ.

ವಕೀಲರ ಫೀ ಬಗ್ಗೆ ನಮ್ಮವರೇ ಬೈದುಕೊಳ್ಳಬಹುದು, ಇರಲಿ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಫೀ ಮಾತಾಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಅದು. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ. ದುಡ್ಡಿಲ್ಲ ಅಂತ ಕೂರಬೇಡಿ, ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಉಚಿತ ವಕೀಲರು ಸಿಗ್ತಾರೆ. ಹೆಂಗಸರಿಗೆ, ಅಂಗವಿಕಲರಿಗೆ ಅಲ್ಲಿ ಆದಾಯದ ಮಿತಿ ನೋಡಲ್ಲ.

ಲೋಕ ಅದಾಲತ್ ಕೆಟ್ಟದ್ದಲ್ಲ, ನಾನೇ ಎಷ್ಟೋ ಕೇಸು ಅಲ್ಲಿ ಮುಗಿಸಿದ್ದೀನಿ, ವರ್ಷಗಟ್ಟಲೆ ಅಲೆದಾಟ ತಪ್ಪುತ್ತೆ. ಆದರೆ ಅಲ್ಲಿ ಒಪ್ಪಿಕೊಂಡ ಮೇಲೆ ಅಪೀಲು ಇಲ್ಲ. ನ್ಯಾಯಮಂಡಳಿಯ ತೀರ್ಪು ಕಮ್ಮಿ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು, ನಿಮಗೆ ಧಾರವಾಡ ಪೀಠ, ಇದೇ ರಾಯಚೂರಿನವರಾದರೆ ಕಲಬುರಗಿ. ಅದಾಲತ್‌ನಲ್ಲಿ ಆ ಬಾಗಿಲು ಮುಚ್ಚಿರುತ್ತೆ. ಹಾಗಾಗಿ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಹೋಗಿ, ಅದಕ್ಕೆ ಮೊದಲು ಬೇಡ. ಫಿಟ್ಸ್ ಶುರುವಾಗೋದು ಕೆಲವರಿಗೆ ತಿಂಗಳುಗಳ ಮೇಲೆ, ಆಗ ಜೀವನಪೂರ್ತಿ ಮಾತ್ರೆ. ಆ ಖರ್ಚನ್ನ ಇವತ್ತು ಯಾರು ಲೆಕ್ಕ ಹಾಕಿದ್ದಾರೆ?

ಇನ್ನು ಬೈಕಿನ ಕೀಲಿ. ಕೊಡಬೇಡಿ. ಕೇಸಿಗೆ ತೊಂದರೆ ಅಂತಲ್ಲ, ಅದೂ ಇದೆ ಅನ್ನಿ, ಬೈಕ್ ಓಡಿಸೋ ಒಂದು ವಿಡಿಯೋ ಸಾಕು ಎದುರಿನವರಿಗೆ. ಫಿಟ್ಸ್ ಭಯ ಇಲ್ಲ, ಓಡಿಸಬಹುದು ಅಂತ ನ್ಯೂರೋ ಡಾಕ್ಟರು ಬರೆದುಕೊಡೋವರೆಗೆ ಬೇಡ. ‘ನಿಮಗೆ ಆಗಲ್ಲ’ ಅಂತ ಅವರ ಜೊತೆ ವಾದಕ್ಕೆ ಇಳಿದರೆ ಜಗಳ ಜಾಸ್ತಿ ಆಗುತ್ತೆ, ತಮಗೆ ಆಗಲ್ಲ ಅನ್ನೋದು ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಬೈಕನ್ನೇ ಕೆಲವು ತಿಂಗಳು ತವರುಮನೆಗೆ ಸಾಗಿಸಿಬಿಡಿ, ತಮ್ಮ ತಗೊಂಡು ಹೋಗಿದ್ದಾನೆ ಅನ್ನಿ.